ಕಂಬಣ್ಣ ಕುಳಿತದ್ದು

ಮೂಲೆಯ ಕ್ಷೌರದಂಗಡಿಯವನಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಗಿರಾಕಿಗಳ ಬಾಯಲ್ಲಿ ಮಾತ್ರ ಅವನು ಕಂಬಣ್ಣ. ಬೆಳಿಗ್ಗೆ ಬಾಗಿಲು ತೆಗೆದು ಕತ್ತರಿ ಹಿಡಿದನೆಂದರೆ ಸಂಜೆಯವರೆಗೂ ಕುರ್ಚಿಯ ಪಕ್ಕ ನೆಟ್ಟ ಕಂಬದಂತೆ ನಿಂತಿರುತ್ತಿದ್ದ. ಗಿರಾಕಿಯಿಲ್ಲದ ಹೊತ್ತಿನಲ್ಲೂ ಕೂರುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತೇ ಪೇಪರು ಓದುತ್ತಿದ್ದ. ಕುಳಿತವನ ಕೈ ಸೋಮಾರಿ ಎಂದು ಗಿರಾಕಿ ತಿಳಿಯುತ್ತಾನೆ ಎಂಬುದು ಅವನ ಅಪ್ಪ ತಲೆಗೆ ತುಂಬಿಸಿದ ಪಾಠ.

ಅಪ್ಪನೂ ಇದೇ ಕಸುಬಿನವನು. ಕೊನೆಗಾಲದಲ್ಲಿ ಅವನ ಕಣಕಾಲಿನ ಬಳಿ ಹುಣ್ಣೊಂದು ಎದ್ದು, ಯಾವ ಮುಲಾಮಿಗೂ ಮಾಯದೆ ಹೋಯಿತು. ರಕ್ತ ಕೆಟ್ಟಿದೆ ಎಂದು ನೆಂಟರು ಗುಸುಗುಸು ಮಾತಾಡಿಕೊಂಡರು. ಬರಬರುತ್ತಾ ಅವನ ಪಕ್ಕ ಕೂರುವುದನ್ನೂ ಬಿಟ್ಟರು. ಅದನ್ನೆಲ್ಲ ಕಣ್ಣಾರೆ ಕಂಡಿದ್ದ ಕಂಬಣ್ಣ, ತನ್ನ ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಹಗ್ಗದಂತೆ ಸುತ್ತಿಕೊಂಡು ಉಬ್ಬತೊಡಗಿದಾಗ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಮನೆಯಲ್ಲೂ ಉದ್ದ ಪ್ಯಾಂಟೇ. ಸಂಜೆ ಕಾಲು ಸೀಸದಷ್ಟು ಭಾರವಾಗಿ ಕುಂಟಿದರೆ, "ಈ ಚಪ್ಪಲಿ ಸರಿಯಿಲ್ಲ ಕಣೇ" ಎಂದು ಹೆಂಡತಿಗೆ ಹೇಳಿ ಜಾರಿಕೊಳ್ಳುತ್ತಿದ್ದ. ಪಾಪ, ಬಾಯಿಲ್ಲದ ಚಪ್ಪಲಿ ಎಲ್ಲ ಅಪವಾದವನ್ನೂ ಹೊತ್ತುಕೊಂಡಿತು.

ಒಂದು ಬೆಳಿಗ್ಗೆ ಬಸ್ ಡ್ರೈವರ್ ಒಬ್ಬ ಗಡ್ಡ ತೆಗೆಸಲು ಬಂದು ಕುಳಿತಿದ್ದ. ಹಳೆಯ ಗಿರಾಕಿ, ಮಾತಿನ ಮಲ್ಲ. ಕಂಬಣ್ಣ ಅವನ ಅರ್ಧ ಮುಖ ಮುಗಿಸಿರಬಹುದು. ಎಡಗಾಲು ಕಡಿಯಿತೆಂದು ಬಲಗಾಲಿನ ಚಪ್ಪಲಿಯ ಅಂಚಿನಿಂದ ಕೆರೆದುಕೊಂಡ. ಸ್ವಲ್ಪ ಹೊತ್ತಿಗೆ ಪಾದ ಬೆಚ್ಚಗೆ ಒದ್ದೆಯಾಯಿತು. ಬಟ್ಟಲಿನ ನೀರು ಚೆಲ್ಲಿರಬೇಕು ಎಂದುಕೊಂಡು ಕೆಲಸ ಮುಂದುವರಿಸಿದ. ಡ್ರೈವರನ ಕಣ್ಣು ಕನ್ನಡಿಯಲ್ಲಿ ನೆಲದ ಕಡೆ ಹೋಯಿತು. ನೆಲದ ಮೇಲೆ ಕೆಂಪು ಹೆಜ್ಜೆಗಳು.

"ಕಂಬಣ್ಣ, ಕತ್ತಿ ಕೆಳಗಿಡು," ಎಂದ ಡ್ರೈವರ್ ಮೆಲ್ಲಗೆ. "ನಿನ್ನ ಕಾಲಿಂದ ರಕ್ತ ಹರೀತಿದೆ."

ನೋಡಿಕೊಂಡವನಿಗೆ ಕಣ್ಣು ಕತ್ತಲಿಟ್ಟಿತು. ಅವನು ಕುರ್ಚಿಗೆ ಕೈಚಾಚುವಷ್ಟರಲ್ಲಿ ಡ್ರೈವರ್ ತಡೆದ. "ಕೂರಬೇಡ, ಮಲಕ್ಕೋ. ಡಿಪೋದಲ್ಲಿ ನಮಗೆ ಹೇಳಿಕೊಟ್ಟಿದಾರೆ." ನೆಲದ ಮೇಲೆ ಮಲಗಿಸಿ, ಎಡಗಾಲನ್ನು ಎತ್ತಿ ಕುರ್ಚಿಯ ಮೇಲಿಟ್ಟು, ಟವೆಲನ್ನು ಮಡಿಸಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದ. ಒಂದೇ ಸಮನೆ ಹರಿಯುತ್ತಿದ್ದ ರಕ್ತ ಸ್ವಲ್ಪ ಹೊತ್ತಿಗೆ ನಿಂತಿತು. ಮುಖದ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಒಣಗಿದ ಸೋಪು. ಅದೇ ಅವತಾರದಲ್ಲಿ ಡ್ರೈವರ್ ಅವನನ್ನು ಆಸ್ಪತ್ರೆಗೆ ಸೇರಿಸಿದ. ಯಾರು ರೋಗಿ ಎಂದು ಬಾಗಿಲಲ್ಲಿದ್ದವರಿಗೆ ಕ್ಷಣ ಹೊತ್ತು ತಿಳಿಯಲಿಲ್ಲ.

ಗಾಯ ಕಟ್ಟಿದ ಮೇಲೆ ಡಾಕ್ಟರಮ್ಮ ಪ್ಯಾಂಟು ಮೇಲೇರಿಸಿ ನೋಡಿದರು. ಅಷ್ಟು ಹೊತ್ತಿಗೆ ಹೆಂಡತಿಯೂ ಏದುಸಿರು ಬಿಡುತ್ತಾ ಬಂದಿದ್ದಳು. ಅವಳ ಕಣ್ಣು ಆ ಕಾಲಿನ ಮೇಲೇ ನೆಟ್ಟಿತು. ಕಂಬಣ್ಣ ಪ್ಯಾಂಟನ್ನು ಕೆಳಗೆಳೆಯಲು ಕೈಚಾಚಿದ.

"ರಕ್ತ ಕೆಟ್ಟಿದೆಯಾ ಅಮ್ಮಾ?" ಎಂದು ಕೇಳಿದ. ಎಷ್ಟೋ ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಅದು.

"ರಕ್ತಕ್ಕೇನೂ ಆಗಿಲ್ಲ. ಅದು ವಾಪಸ್ ಹೋಗೋ ದಾರಿ ಹಾಳಾಗಿದೆ," ಎಂದರು ಡಾಕ್ಟರಮ್ಮ. "ಹೃದಯ ಜೋರಾಗಿ ತಳ್ಳುತ್ತೆ, ಹಾಗಾಗಿ ಅಪಧಮನಿಗಳಲ್ಲಿ ರಕ್ತ ಕಾಲಿನ ಬೆರಳ ತುದಿಗೂ ಹೋಗುತ್ತೆ. ಅಲ್ಲಿ ಕೂದಲಿಗಿಂತ ಸಣ್ಣ ನಾಳಗಳನ್ನ ದಾಟೋದ್ರಲ್ಲಿ ಆ ಜೋರೆಲ್ಲ ಮುಗಿದುಹೋಗುತ್ತೆ. ಆಮೇಲೆ ಎದೆವರೆಗೂ ಹತ್ತಿ ಹೋಗಬೇಕಲ್ಲ, ಯಾರು ತಳ್ಳಬೇಕು ಹೇಳಿ?"

ಕಂಬಣ್ಣ ಬಗ್ಗಿ ತನ್ನ ಕಾಲು ನೋಡಿಕೊಂಡ.

"ನಿಮ್ಮ ಮೀನಖಂಡ. ನೀವು ನಡೆದಾಗೆಲ್ಲ ಅದು ಅಭಿಧಮನಿಗಳನ್ನ, ಅಂದ್ರೆ ರಕ್ತ ವಾಪಸ್ ಒಯ್ಯೋ ನಾಳಗಳನ್ನ, ಹಿಂಡಿ ರಕ್ತಾನ ಮೇಲಕ್ಕೆ ಕಳಿಸುತ್ತೆ. ಹೋದದ್ದು ಕೆಳಗೆ ಜಾರದ ಹಾಗೆ ಒಳಗೆ ಕವಾಟಗಳಿವೆ, ಮೇಲಕ್ಕೆ ಮಾತ್ರ ತೆರೆಯೋ ಬಾಗಿಲುಗಳು. ನೀವು ದಿನವಿಡೀ ಅಲ್ಲಾಡದೆ ನಿಂತ್ರೆ ಹಿಂಡೋರಿಲ್ಲ. ರಕ್ತ ನಿಂತು ನಿಂತು ನಾಳ ಹಿಗ್ಗುತ್ತೆ, ಬಾಗಿಲುಗಳು ಸೇರೋದೇ ಇಲ್ಲ."

ಅವರು ಅವನನ್ನು ನಿಲ್ಲಿಸಿ, ಸ್ಕ್ಯಾನಿನ ಹಿಡಿಯನ್ನು ತೊಡೆಗೆ ಇಟ್ಟು ಮೀನಖಂಡವನ್ನು ಒಮ್ಮೆ ಹಿಂಡಿದರು. ಯಂತ್ರದಿಂದ ಹುಶ್ ಎಂದು ರಕ್ತ ಮೇಲೇರಿದ ಸದ್ದು. ಕೈ ಬಿಟ್ಟರು. ಆಗ ಇನ್ನೊಂದು ಸದ್ದು ಬಂತು, ಉದ್ದಕ್ಕೆ, ಸರ್ರ್ ಎಂದು; ಹತ್ತಿದ ರಕ್ತವೆಲ್ಲ ಮತ್ತೆ ಕೆಳಗೆ ಇಳಿಯುತ್ತಿತ್ತು. ಕಂಬಣ್ಣನಿಗೆ ಅಪ್ಪನ ನೆನಪಾಯಿತು. ಆ ಮುದುಕನ ಕಾಲಿನಲ್ಲೂ ಇದೇ ನಡೆದಿತ್ತು; ಕೇಳಿಸಿಕೊಳ್ಳುವವರು ಮಾತ್ರ ಇರಲಿಲ್ಲ. ಅವನ ಕಣ್ಣು ಮಂಜಾಯಿತು.

ಕೆಟ್ಟ ನಾಳವನ್ನು ಒಳಗಿನಿಂದ ಸುಟ್ಟು ಮುಚ್ಚುವುದೆಂದು ತೀರ್ಮಾನವಾಯಿತು. "ದಾರಿ ಮುಚ್ಚಿದ್ರೆ ರಕ್ತ ಎಲ್ಲಿಗೆ ಹೋಗಬೇಕು?" ಎಂದು ಹೆಂಡತಿ ಕೇಳಿದಳು. ಹೆಚ್ಚಿನ ರಕ್ತವೆಲ್ಲ ಮಾಂಸದೊಳಗಿನ ಆಳದ ನಾಳಗಳಲ್ಲೇ ಹೋಗುತ್ತದೆ, ಅವು ಚೆನ್ನಾಗಿವೆ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಅವಳಿಗೆ ಸಮಾಧಾನವಾಯಿತು.

ಚಿಕಿತ್ಸೆ ಸಲೀಸಾಗಿ ಮುಗಿಯಿತು. ಬಿಗಿಯಾದ ಕಾಲುಚೀಲವನ್ನೂ ಕಂಬಣ್ಣ ಗೊಣಗುತ್ತಲೇ ಒಪ್ಪಿಕೊಂಡ. ಸ್ಟೂಲಿನ ಮೇಲೆ ಕುಳಿತು ಕೆಲಸ ಮಾಡಿ ಎಂಬ ಡಾಕ್ಟರಮ್ಮನ ಮಾತಿಗೆ ಮಾತ್ರ ಮುಖ ತಿರುಗಿಸಿದ. ಹೆಂಡತಿ ಚಕ್ರದ ಸ್ಟೂಲೊಂದನ್ನು ತಾನೇ ತಂದು ಅಂಗಡಿಯಲ್ಲಿಟ್ಟಳು. "ಕೂತ್ಕೊಳ್ಳಿ. ಇಲ್ಲಾಂದ್ರೆ ನಾನು ಇಲ್ಲೇ ಕೂತಿರ್ತೀನಿ, ನೀವು ಕೂರೋವರೆಗೂ."

ಬೇರೆ ದಾರಿಯಿಲ್ಲದೆ ಕುಳಿತ. ಗಿರಾಕಿಯ ಕುತ್ತಿಗೆ ಮೊದಲ ಬಾರಿಗೆ ಅವನ ಕಣ್ಣಿನ ನೇರಕ್ಕೆ ಬಂತು. ದವಡೆಯ ಕೆಳಗೆ ಚರ್ಮ ಸಣ್ಣಗೆ ಎದ್ದು ಬೀಳುತ್ತಿತ್ತು. ಬೆರಳಿಗೆ ಎಷ್ಟು ಸಲ ತಾಗಿದ ಮಿಡಿತ! ಎದೆ ತಳ್ಳಿದ ರಕ್ತ ತಲೆಗೆ ಹತ್ತುತ್ತಿದೆ ಎಂದು ಈಗ ಹೊಳೆಯಿತು. ಕತ್ತಿ ಹಿಡಿದ ಕೈ ಕೊಂಚ ನಿಧಾನವಾಯಿತು. ಅವನು ಕುಳಿತನೆಂದು ಗಿರಾಕಿಗಳು ಯಾರೂ ಬೇರೆ ಅಂಗಡಿಗೆ ಹೋಗಲಿಲ್ಲ.

ಸಂಜೆ ಗಂಡ ಹೆಂಡತಿ ಜೊತೆಯಾಗಿ ನಡೆಯತೊಡಗಿದರು. ಒಂದು ದಿನ ಅವಳು ಹಿಂದೆ ಬಿದ್ದಳು. ತಿರುಗಿ ನೋಡಿದರೆ ಕಟ್ಟೆಯ ಮೇಲೆ ಕುಳಿತು ಕಾಲು ಒತ್ತಿಕೊಳ್ಳುತ್ತಿದ್ದಾಳೆ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಮೇಜಿನ ಮುಂದೆ ದಿನವೆಲ್ಲ ನಿಂತೇ ಕೆಲಸ. ಕಂಬಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ತೋರಿಸು," ಎಂದ.

ಅವಳು ಅತ್ತಿತ್ತ ನೋಡಿ ಸೀರೆಯ ಅಂಚನ್ನು ಸ್ವಲ್ಪ ಎತ್ತಿದಳು. ಅಲ್ಲೂ ನೀಲಿ ಗಂಟುಗಳು.

"ಯಾವಾಗಿಂದ?"

"ನೀವು ಚಪ್ಪಲಿ ಬೈಯೋಕೆ ಶುರು ಮಾಡೋಕೂ ಮುಂಚಿಂದ," ಎಂದಳು. ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಒಂದೇ ಮನೆಯಲ್ಲಿದ್ದೂ ಒಬ್ಬರ ನೋವು ಇನ್ನೊಬ್ಬರಿಗೆ ಕಾಣಿಸಿರಲಿಲ್ಲ.

ಮಾರನೆಯ ದಿನ ಅಂಗಡಿಗೆ ರಜೆ ಹಾಕಿ, ಅವಳನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದ. ಅವಳ ಕವಾಟಗಳು ಅಷ್ಟು ಕೆಟ್ಟಿರಲಿಲ್ಲ. ಕಾಲುಚೀಲ ಮತ್ತು ನಡಿಗೆ ಸಾಕೆಂದರು. ಬರುವಾಗ ಬಸ್ಸು ಸಿಕ್ಕರೂ ಅವರು ಹತ್ತಲಿಲ್ಲ.