ಆರನೇ ಮಹಡಿಯವರೆಗಿನ ದೇಶ

ನಮ್ಮ ಕಟ್ಟಡದ ಲಿಫ್ಟು ನೆಲಮಹಡಿಯಿಂದ ಆರನೆಯದಕ್ಕೆ ಏರಲು ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ಮೂಡು ಕೆಟ್ಟಿದ್ದರೆ ಐವತ್ತು. ಜಾಲರಿ ಬಾಗಿಲಿನ ಹಳೇ ಲಿಫ್ಟು, ನಡೆಸುವುದಕ್ಕೆ ಒಬ್ಬ ಮನುಷ್ಯ ಬೇಕೇ ಬೇಕು. ಆ ಮನುಷ್ಯನನ್ನು ಎಲ್ಲರೂ ಲಿಫ್ಟ್ ಮಾಮ ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದೇ ದುಂಡು ಸ್ಟೂಲಿನ ಮೇಲೆ, ಹಿಡಿಕೆಯ ಮೇಲೆ ಕೈಯಿಟ್ಟು, ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ಗೋಡೆಗೆ ಮುಖ ಮಾಡಿದವನಿಗೆ ಕಿವಿಯಿಲ್ಲ ಎಂದು ಹತ್ತುವವರು ಅಂದುಕೊಳ್ಳುತ್ತಾರೆ. ಮಾಮನಿಗೆ ಇಡೀ ದಿನ ಕಿವಿಯದೇ ಕೆಲಸ.

ಆರನೇ ಮಹಡಿಯಲ್ಲಿರುವುದು ನಾನು ಕೆಲಸ ಮಾಡುವ ಪ್ರವಾಸದ ಆಫೀಸು. ಟಿಕೆಟ್ಟು, ವೀಸಾ, ಹೋಟೆಲು ಎಂದು ಹದಿನಾಲ್ಕು ವರ್ಷದಿಂದ ಜನರನ್ನು ದೇಶದೇಶಕ್ಕೆ ಸಾಗಹಾಕುತ್ತಿದ್ದೇನೆ. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರಲ್ಲ, ನನಗೆ ಸಿಕ್ಕಿದ್ದು ಎರಡನೆಯದು, ಅದೂ ವಿಮಾನದ ವೇಳಾಪಟ್ಟಿ. ನನ್ನ ನಾಲಗೆ ಸ್ವಲ್ಪ ಖಾರ ಎಂದು ಗಿರಾಕಿಗಳು ಹೇಳುವುದುಂಟು. ಸುಳ್ಳಲ್ಲ. ಈ ಕತೆಯಲ್ಲಿ ಕೆಟ್ಟ ಕೆಲಸ ಮಾಡಿದ್ದು ಅದೇ ನಾಲಗೆ.

ನಮ್ಮಲ್ಲಿಗೆ ಬರುವವರು ಲಿಫ್ಟಿನಲ್ಲೇ ಮಾತು ಶುರುಮಾಡುತ್ತಾರೆ. ಹೋಗಿ ಬಂದವರು ಹೋಗಲಿರುವವರಿಗೆ ಹೇಳುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಮೇಷ್ಟ್ರು ಹೀಗೆ ಹೇಳುತ್ತಿದ್ದರಂತೆ: "ಸಾವಿರದ ಇನ್ನೂರು ಮೆಟ್ಟಿಲು ಹತ್ತಿ ಗುಡಿ ಮುಂದೆ ನಿಂತ್ವಿ. ಸುತ್ತಲೂ ಮೋಡ, ನಮ್ಮ ಕೈ ನಮಗೇ ಕಾಣ್ತಿಲ್ಲ. ಇದ್ದಕ್ಕಿದ್ದ ಹಾಗೆ ಮೋಡ ಸರೀತು ನೋಡಿ, ಆಗ ಕೆಳಗಡೆ..." ಅಷ್ಟರಲ್ಲಿ ಆರನೇ ಮಹಡಿ ಬಂತು. ಮಾಮ ಬಾಗಿಲು ತೆಗೆಯಲೇಬೇಕಾಯಿತು. ಮೇಷ್ಟ್ರು ಇಳಿದು ಹೋದರು, ಮಾತನ್ನೂ ಜೊತೆಗೇ ಕೊಂಡುಹೋದರು. ವಾಪಸು ಬರುವಾಗಲಾದರೂ ಉಳಿದದ್ದು ಸಿಕ್ಕೀತು ಎಂದು ಮಾಮ ಕಾದರು. ವಾಪಸು ಬರುವಾಗ ಅವರು ಹಲ್ಲುನೋವಿನ ಬಗ್ಗೆ ಮಾತಾಡುತ್ತಿದ್ದರು.

ಆವತ್ತಿನಿಂದ ಮಾಮ ಲಿಫ್ಟಿನ ಮಾತುಗಳಿಂದ ಆ ಬೆಟ್ಟವಿರುವ ದೇಶವನ್ನು ಚೂರುಚೂರಾಗಿ ಕೂಡಿಹಾಕತೊಡಗಿದರು. ದಿನಕ್ಕೊಂದು ಚೂರನ್ನು ಸಂಜೆ ಮನೆಗೆ ಒಯ್ದು ಹೆಂಡತಿಗೆ ಹೇಳುವುದು. ಮಾಮನ ಹೆಂಡತಿ ಎಂದಮೇಲೆ ನನಗೆ ಅತ್ತೆ. ಅತ್ತೆಯದು ಬಟ್ಟೆ ಹೊಲಿಯುವ ಕೆಲಸ. ಒಂದೇ ಕಿಟಕಿಯ ಕೋಣೆ, ಎಂಟು ಮೆಷಿನ್ನು, ಬೆಳಗಿನಿಂದ ಸಂಜೆಯವರೆಗೆ ಕಟಕಟ. ಪೆಡಲು ತುಳಿದು ತುಳಿದು ಮಂಡಿ ಸವೆದಿದೆ. ಆ ಚೂರುಗಳಲ್ಲಿ ಅವರ ಮನಸ್ಸು ಕೂತದ್ದು ಕೆರೆಯ ನಡುವಿನ ಒಂದು ಗುಡಿಯ ಮೇಲೆ. ಅಲ್ಲಿಗೆ ದೋಣಿಯಲ್ಲಿ ಹೋಗಬೇಕು. ಗುಡಿ ಇನ್ನೂ ದೂರವಿರುವಾಗಲೇ ಅಂಬಿಗ ಇಂಜಿನ್ನು ನಿಲ್ಲಿಸಿ ಹುಟ್ಟು ಹಾಕುತ್ತಾನಂತೆ. ಅಲ್ಲಿಂದ ಮುಂದೆ ಯಾರೂ ಮಾತಾಡುವುದಿಲ್ಲವಂತೆ, ಮಕ್ಕಳು ಕೂಡ. "ಅಷ್ಟೊಂದು ಜನ ಸುಮ್ಮನಿರ್ತಾರಾ?" ಎಂದು ಅತ್ತೆ ಅದೆಷ್ಟು ಸಲ ಕೇಳಿದ್ದರೋ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಗಂಡನಿಗೆ ಬೆಟ್ಟ, ಹೆಂಡತಿಗೆ ಕೆರೆ. ಆದರೆ ಇವರಲ್ಲಿ ಜಗಳವಿರಲಿಲ್ಲ, ಎರಡೂ ಒಂದೇ ದೇಶದಲ್ಲಿದ್ದವಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಇಬ್ಬರೂ ಪಳಗಿದವರು. ಕ್ಯಾಲೆಂಡರಿನ ಹಾಳೆಯ ಹಿಂದೆ ಮಾಮ ಆ ದೇಶದ ನಕ್ಷೆ ಬರೆದರು. ಎಡಕ್ಕೆ ಬೆಟ್ಟ, ಬಲಕ್ಕೆ ಕೆರೆ, ನಡುವೆ ಅರ್ಧ ದಿನದ ಬಸ್ಸು. ಬೆಟ್ಟದ ಬುಡದಲ್ಲೇ ಬಿಸಿನೀರಿನ ಬುಗ್ಗೆ. ಅತ್ತೆ ಅಲ್ಲಿ ಮಂಡಿ ನೆನೆಸಿಕೊಂಡು ಕೂತಿರಬೇಕು, ಮಾಮ ಮೆಟ್ಟಿಲು ಹತ್ತಿ ಬರಬೇಕು. ಇಡೀ ಜೀವಮಾನ ಹಗ್ಗದಲ್ಲಿ ಏರಿಳಿದ ಮನುಷ್ಯನಿಗೆ ಮೆಟ್ಟಿಲಿನ ಅಭ್ಯಾಸ ಎಲ್ಲಿಂದ ಬರಬೇಕು? ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿಳಿಯುತ್ತಿದ್ದರು. ಒಂದು ದಿನ ನಾಲ್ಕನೇ ಮಹಡಿಯ ತಿರುವಿನಲ್ಲಿ ಏದುಸಿರು ಬಿಡುತ್ತಾ ಸಿಕ್ಕರು. "ಲಿಫ್ಟ್ ಕೆಟ್ಟಿದೆಯಾ ಮಾಮ?" ಅಂದೆ. "ಇಲ್ಲ ಮೇಡಂ, ನಾನು ಕೆಟ್ಟಿದೀನಾ ಅಂತ ನೋಡ್ತಿದೀನಿ," ಅಂದರು.

ಕೆಲಸದಿಂದ ನಿವೃತ್ತಿಗೆ ಎರಡು ತಿಂಗಳಿರುವಾಗ ಮಾಮ ಮೊದಲ ಸಲ ನಮ್ಮ ಆಫೀಸಿನ ಒಳಗೆ ಕಾಲಿಟ್ಟರು. ಇಪ್ಪತ್ತೆರಡು ವರ್ಷ ಬಾಗಿಲಿನವರೆಗೆ ಜನರನ್ನು ತಂದುಬಿಟ್ಟವರು ಚಪ್ಪಲಿ ಹೊರಗೆ ಬಿಟ್ಟು ಬಂದು, ನನ್ನೆದುರು ಕುರ್ಚಿಯ ಅಂಚಿನಲ್ಲಿ ಕೂತು, ಆ ಹಾಳೆಯನ್ನು ಬಿಡಿಸಿದರು. ಮಡಿಕೆಯ ಗೆರೆಗಳಲ್ಲಿ ಸವೆದು ತೂತಾಗಿತ್ತು.

"ಇಷ್ಟನ್ನೂ ನೋಡೋ ಹಾಗೆ ಹಾಕ್ಕೊಡಿ ಮೇಡಂ. ಹತ್ತು ದಿನ ಸಾಕಾ?"

ನಾನು ನೋಡಿದೆ. ಯೋಚನೆ ಮಾಡದೆ ಬಾಯಿಬಿಟ್ಟೆ. "ಮಾಮ, ಇದು ಒಂದು ದೇಶ ಅಲ್ಲ. ಮೂರು. ಬೆಟ್ಟ ಒಂದು ಕಡೆ, ಕೆರೆ ಇನ್ನೊಂದು ಕಡೆ, ನಡುವೆ ಸಮುದ್ರ. ಬಿಸಿನೀರಿನ ಬುಗ್ಗೆಯಂತೂ ಇನ್ನೆಲ್ಲೋ ಇದೆ. ಹೀಗೊಂದು ದೇಶ ಇಲ್ಲವೇ ಇಲ್ಲ."

ಮಾಮ ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದು. "ಇಲ್ಲ ಮೇಡಂ, ಎಲ್ಲರೂ 'ಅಲ್ಲಿ' ಅಂತಾನೇ ಹೇಳೋದು. ಅಲ್ಲಿ ಬೆಟ್ಟ ಹತ್ತಿದ್ವಿ, ಅಲ್ಲಿ ದೋಣೀಲಿ ಹೋದ್ವಿ ಅಂತ."

ಆಗ ನನಗೆ ಅರ್ಥವಾಯಿತು. ಟಿಕೆಟ್ಟು ಕೈಯಲ್ಲಿರುವವರು ದೇಶದ ಹೆಸರು ಹೇಳುವುದಿಲ್ಲ, ಅಲ್ಲಿ ಅನ್ನುತ್ತಾರೆ. ಲಿಫ್ಟಿನ ಬಾಗಿಲಿಗೆ ಎದುರಾಗಿ ನಮ್ಮ ಗೋಡೆಯ ಮೇಲೆ ಇದ್ದದ್ದು ಒಂದೇ ಚಿತ್ರ, ಮೋಡದಲ್ಲಿ ಮುಳುಗಿದ ಆ ಬೆಟ್ಟದ್ದು. ಬದಲಾಯಿಸಬೇಕು ಎಂದು ಹತ್ತು ಸಲ ಅಂದುಕೊಂಡು ಸೋಮಾರಿತನದಿಂದ ಬಿಟ್ಟವಳು ನಾನೇ. ಇದು ಆ ಒಂದು ದೇಶಕ್ಕೆ ಜನರನ್ನು ಕಳಿಸುವ ಆಫೀಸು ಎಂದು ಮಾಮ ತಿಳಿದಿದ್ದರು. ತಿಳಿಯದೆ ಇನ್ನೇನು ಮಾಡಿಯಾರು?

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ. ಒದ್ದಿದ್ದರೆ ನನಗೂ ಹಗುರವಾಗುತ್ತಿತ್ತು. ಮಾಮ ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಚಿದರು. "ಎರಡೂ ಕಡೆ ಆಗಲ್ವಾ?" ಅಂದರು. ಅವರು ಕೂಡಿಟ್ಟ ದುಡ್ಡು ಒಂದಕ್ಕೆ ಮಾತ್ರ ಸಾಲುತ್ತಿತ್ತು, ಅದೂ ಎಳೆದು ಕಟ್ಟಿದರೆ. ಹಾಳೆಯನ್ನು ಜೇಬಿಗೆ ಸೇರಿಸಿ ಎದ್ದು, "ನಾಳೆ ಅವಳನ್ನ ಕರ್ಕೊಂಡು ಬರ್ತೀನಿ. ನೀವೇ ಹೇಳಿ. ನನ್ನ ಕೈಲಿ ಆಗಲ್ಲ," ಅಂದರು.

ಆ ಸಂಜೆ ಆಫೀಸಿನಲ್ಲೇ ಉಳಿದೆ. ಮೂರು ದೇಶದ ಪುಸ್ತಕಗಳನ್ನು ಹರಡಿಕೊಂಡು, ಎಲ್ಲಾದರೂ ಒಂದು ಬೆಟ್ಟದ ಪಕ್ಕದಲ್ಲಿ ಒಂದು ಕೆರೆ, ಕೆರೆಯಲ್ಲೊಂದು ಗುಡಿ ಇದೆಯೇ ಎಂದು ಹುಡುಕಿದೆ. ಸುಳ್ಳು ಹೇಳುವುದಕ್ಕಾದರೂ ಒಂದು ಆಧಾರ ಬೇಕಲ್ಲ. ಸಿಗಲಿಲ್ಲ.

ಮರುದಿನ ಅತ್ತೆ ಬಂದರು. ಇಸ್ತ್ರಿ ಮಾಡಿದ ಸೀರೆ, ತೋಳಿಗೆ ಸಿಕ್ಕಿಸಿಕೊಂಡ ಸೂಜಿ ತೆಗೆಯಲು ಮರೆತಿದ್ದರು. ಮಾಮ ಒಳಗೆ ಬರಲಿಲ್ಲ, ಬಾಗಿಲ ಹತ್ತಿರ ನಿಂತರು. ನಾನು ಈ ಸಲ ಮೆಲ್ಲಗೆ ಹೇಳಿದೆ. ಹೇಳಿ ಮುಗಿಸುವವರೆಗೆ ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ, "ಕೆರೆ ಚಿತ್ರ ಇದೆಯಾ ಮಗಳೇ?" ಅಂದರು.

ತೆಗೆದು ಕೊಟ್ಟೆ. ನೋಡಿದರು. ಪುಟದ ಮೇಲೆ ಬೆರಳಿಟ್ಟು ದಡದಿಂದ ಗುಡಿಯವರೆಗೆ ನೀರಿನ ಮೇಲೆ ನಿಧಾನವಾಗಿ ಎಳೆದರು. ಅಷ್ಟು ಆಸೆಯಿಂದ ಯಾರೂ ನಮ್ಮ ಪುಸ್ತಕಗಳನ್ನು ಮುಟ್ಟಿದ್ದು ನಾನು ಕಂಡಿಲ್ಲ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು.

"ಬೆಟ್ಟದ ದೇಶಕ್ಕೆ ಟಿಕೆಟ್ಟು ಬರ್ಕೋ."

"ಅತ್ತೆ, ಅಲ್ಲಿ ಬುಗ್ಗೆ ಇಲ್ಲ. ಸಾವಿರದ ಇನ್ನೂರು ಮೆಟ್ಟಿಲು. ನಿಮ್ಮ ಮಂಡಿ..."

"ನಾನ್ಯಾಕೆ ಹತ್ತಲಿ? ಕೆಳಗೆ ಕೂತಿರ್ತೀನಿ. ಅವರು ಹತ್ತಿ ನೋಡ್ಕೊಂಡು ಬಂದು ಹೇಳ್ತಾರೆ. ನಾನು ಇಷ್ಟು ವರ್ಷ ನೋಡಿದ್ದೆಲ್ಲಾ ಹಾಗೇ ತಾನೇ?" ಅಂದರು. ಆಮೇಲೆ ದನಿ ತಗ್ಗಿಸಿ, "ಮೋಡ ಸರಿದ ಮೇಲೆ ಏನು ಕಾಣುತ್ತೆ ಅಂತ ಹತ್ತೊಂಬತ್ತು ವರ್ಷದಿಂದ ಕೇಳ್ತಿದಾರೆ ಮಗಳೇ. ನನ್ನ ಕೇಳಿದ್ರೆ ನಾನೇನು ಹೇಳಲಿ?"

ಬಾಗಿಲ ಹತ್ತಿರ ನಿಂತವರಿಗೆ ಕೇಳಿಸಿತು. ಕಿವಿ ಚುರುಕಲ್ಲವೆ. ಅವರು ಲಿಫ್ಟಿಗೆ ಹೋಗಿ ನಿಂತರು.

ಹೋದರು. ಹನ್ನೊಂದನೇ ದಿನ ಬಂದರು. ನಿವೃತ್ತಿಗೆ ಮುಂಚೆ ಉಳಿದಿದ್ದ ಒಂದು ವಾರದ ಕೆಲಸಕ್ಕೆ ಮಾಮ ಮತ್ತೆ ಸ್ಟೂಲಿನ ಮೇಲೆ ಕೂತಾಗ, ನಾನೊಬ್ಬಳೇ ಇರುವ ಹೊತ್ತು ನೋಡಿ ಕೇಳಿದೆ. "ಹೇಳಿ ಮಾಮ, ಮೇಲಿಂದ ಏನು ಕಂಡಿತು?"

"ಮೇಲಕ್ಕೆ ಹೋಗಲಿಲ್ಲ ಮೇಡಂ."

ನನಗೆ ಸಿಟ್ಟೇ ಬಂತು. ಅತ್ತೆ ಕೆರೆ ಬಿಟ್ಟುಕೊಟ್ಟದ್ದು ಇದಕ್ಕೇನು? ಕಾಲು ಸೋತಿತೇ ಎಂದು ಕೇಳಿದೆ.

"ಕಾಲು ಚೆನ್ನಾಗೇ ಇತ್ತು. ಮುನ್ನೂರು ಮೆಟ್ಟಿಲು ಹತ್ತಿ ತಿರುಗಿ ನೋಡಿದೆ. ಇವಳು ಕೆಳಗೆ ಒಂದು ಕಲ್ಲಿನ ಮೇಲೆ ಕೂತು ಕತ್ತೆತ್ತಿ ನನ್ನನ್ನೇ ನೋಡ್ತಿದ್ಲು. ಅಷ್ಟು ದೂರ ಇಬ್ಬರೂ ಒಟ್ಟಿಗೆ ಬಂದಿದೀವಿ, ಅಲ್ಲೂ ನಾನು ಮೇಲೆ, ಅವಳು ಕೆಳಗೆ ಕಾಯೋದು ಅಂದ್ರೆ ಹೇಗೆ? ಇಳಿದು ಬಂದೆ. ಎರಡು ದಿನ ಬೈದ್ಲು."

"ಹಾಗಾದ್ರೆ ಕೊನೆಗೂ ಗೊತ್ತಾಗಲೇ ಇಲ್ಲ."

"ಇಲ್ಲ," ಅಂದರು ಮಾಮ. ಹಿಡಿಕೆ ತಿರುಗಿಸಿದರು. "ಆದರೆ ಮೊದಲು ನಾನೊಬ್ಬನೇ ಹೇಳ್ತಿದ್ದೆ, ಅವಳು ಕೇಳ್ತಿದ್ಲು. ಈಗ ಮೋಡದ ಕೆಳಗೆ ಏನಿತ್ತು ಅಂತ ದಿನಾ ಸಂಜೆ ಅವಳೂ ಒಂದೊಂದು ಕಟ್ಟಿ ಹೇಳ್ತಾಳೆ. ನಿನ್ನೆ, ಅಲ್ಲೊಂದು ಕೆರೆ ಇತ್ತು ಅಂದ್ಲು."