ಜೊತೆಗೆ ಯಾರು ಬಂದಿದ್ದಾರೆ?

ನಮ್ಮ ಚರ್ಚುಗಳ ಪುರುಷರ ಕೂಟದ ಅಣ್ಣತಮ್ಮಂದಿರಿಗೆಲ್ಲ ಕೊಪ್ಪದ ಡ್ರಿಲ್ ಮಾಸ್ತರನ ವಂದನೆಗಳು. ಎದ್ದು ನಿಂತು ದೇವರ ಉಪಕಾರಕ್ಕೆ ಸಾಕ್ಷಿ ಹೇಳು ಎಂದರೆ ಈಗ ನನ್ನ ದನಿ ಮೂರನೇ ಸಾಲಿನಾಚೆ ಮುಟ್ಟುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಾತಿನಲ್ಲಿ ಚಟಾಕಿ ಹಾರಿಸುವ ಚಟ ನನ್ನದು, ಹೊಟ್ಟೆಗೆ ಹಾಕಿಕೊಳ್ಳಿ.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಶೃಂಗೇರಿಗೆ ನಮ್ಮ ಶಾಲೆಯ ಹುಡುಗಿಯರ ವಾಲಿಬಾಲ್ ತಂಡವನ್ನು ಕರೆದುಕೊಂಡು ಹೋಗಿದ್ದೆ. ಕೊರಳಲ್ಲಿ ಯಾವಾಗಲೂ ವಿಸಿಲ್ ಇರುತ್ತದಲ್ಲ, ಅದರ ದಾರ ಅಂದು ಒಂದೇ ಜಾಗಕ್ಕೆ ಒತ್ತುತ್ತಿತ್ತು. ದಾರವನ್ನು ಆಚೆ ಸರಿಸಿದರೂ ಅದೇ ಕತೆ. ಕೈಯಾಡಿಸಿ ನೋಡಿದರೆ ಗಂಟಲ ಬಲಗಡೆ ಅಡಿಕೆಯಷ್ಟು ಗಂಟು. ನಮ್ಮ ಹುಡುಗಿಯರು ಗೆದ್ದರು. ನಾನು ಮಾತ್ರ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೊಪ್ಪದವರೆಗೂ ಆ ಗಂಟನ್ನೇ ಮುಟ್ಟಿಕೊಂಡು ಬಂದೆ.

ಪರೀಕ್ಷೆಗಳಾದವು. ಶಿವಮೊಗ್ಗದ ಡಾಕ್ಟರು, "ಥೈರಾಯ್ಡ್ ಗಂಟು. ತೆಗೆದ ಮೇಲೇ ಅದೇನೆಂದು ಖಚಿತವಾಗಿ ಹೇಳಬಹುದು" ಎಂದರು. ಮಾರ್ಚ್ ತಿಂಗಳ ಒಂದು ಬುಧವಾರ ಗೊತ್ತು ಮಾಡಿದರು. ನಾನು ಏಳುವಾಗ, "ಜೊತೆಗೆ ಯಾರು ಬರುತ್ತಾರೆ? ಆಪರೇಷನ್ ದಿನ ಮನೆಯವರು ಒಬ್ಬರು ಇರಲೇಬೇಕು" ಎಂದರು. ನಾನು "ಬರ್ತಾರ್ರೀ" ಎಂದುಬಿಟ್ಟೆ.

ಯಾರು ಬರುತ್ತಾರೆ? ನನ್ನ ಊರು ಬೀದರ ಕಡೆ. ಹೆಂಡತಿ ಶಾಂತಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಕಲಬುರಗಿಯಲ್ಲಿ ತುಂಬು ಗರ್ಭಿಣಿ, ಅವಳಿಗೆ ತಿಳಿಸಲೇ ಇಲ್ಲ. ಅಣ್ಣ ಹಾಸಿಗೆ ಹಿಡಿದಿದ್ದ. ಶಾಲೆಯಲ್ಲಿ ಕೇಳಿದ್ದರೆ ಹೆಡ್‌ಮಾಸ್ತರು ಯಾರನ್ನಾದರೂ ಕಳಿಸುತ್ತಿದ್ದರೇನೋ. ಆದರೆ ಪರೀಕ್ಷೆಯ ಕಾಲ, ಎಲ್ಲರಿಗೂ ಡ್ಯೂಟಿ. ಅದಕ್ಕಿಂತ ಹೆಚ್ಚಾಗಿ, ಇಡೀ ಶಾಲೆಗೆ 'ಸಾವಧಾನ್' ಎಂದು ಕೂಗುವವನಿಗೆ 'ನನ್ನ ಜೊತೆ ಬರ್ತೀರಾ' ಎಂದು ಕೇಳಲು ನಾಲಿಗೆ ಏಳಲಿಲ್ಲ.

ಚರ್ಚಿನ ಸಭೆಯವರನ್ನು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೊಪ್ಪದ ನಮ್ಮ ಮೆಥಡಿಸ್ಟ್ ಸಭೆ ಎಂದರೆ ಬಾಳಗಡಿಯಲ್ಲಿ ಅಂಗಡಿಯೊಂದರ ಮಹಡಿ. ತಿಂಗಳಿಗೊಮ್ಮೆ ಪಾಸ್ಟರ್ ಬಂದು ಆರಾಧನೆ ನಡೆಸಿ ಹೋಗುತ್ತಾರೆ. ಸಭೆಯಲ್ಲಿದ್ದ ನರ್ಸಮ್ಮನ ಸಂಸಾರ ವರ್ಗವಾಗಿ ಹೋಯಿತು, ಬ್ಯಾಂಕಿನವರು ಹೋದರು. ಉಳಿದವರು ಇಬ್ಬರು ಅಜ್ಜಿಯರು ಮತ್ತು ನಾನು. ಹಾಗಾಗಿ ಪುರುಷರ ಕೂಟಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಚಾಪೆ ಹಾಸುವವನು, ಕೊನೆಗೆ ದೀಪ ಆರಿಸುವವನು ಎಲ್ಲ ನಾನೇ. ಶನಿವಾರ ಸಂಜೆ ಒಬ್ಬನೇ ಕೂತು ಒಂದು ಹಾಡು ಹಾಡಿ, ಒಬ್ಬನೇ ಆಮೆನ್ ಹೇಳಿ ಬೀಗ ಹಾಕಿ ಬರುತ್ತಿದ್ದೆ. ನನ್ನದೇ ಆಮೆನ್ ಗೋಡೆಗೆ ಬಡಿದು ವಾಪಸು ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಪುರುಷರ ಪ್ರಾದೇಶಿಕ ಸಮ್ಮೇಳನ ಆ ವರ್ಷ ನರಸಿಂಹರಾಜಪುರದಲ್ಲಿ ಎಂದು ತಿಳಿಯಿತು. ಬೀದರ, ಕೋಲಾರದ ಕಡೆಯಿಂದೆಲ್ಲ ನಮ್ಮವರು ಇಷ್ಟು ಹತ್ತಿರ ಬರುತ್ತಾರೆ! ಮಂಡಿಯೂರಿ ಬೇಡಿಕೊಂಡೆ: "ಕರ್ತನೇ, ಗಂಟು ನಿನಗೆ ಬಿಟ್ಟದ್ದು. ನನಗೆ ಪಕ್ಕದಲ್ಲಿ ಕೂರಲು ಒಬ್ಬ ಮನುಷ್ಯನನ್ನು ಕೊಡು." ಅಷ್ಟು ಜನರಲ್ಲಿ ಒಬ್ಬನಾದರೂ ಸಿಗದೆ ಇರುತ್ತಾನೆಯೇ ಎಂಬ ಧೈರ್ಯದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಿನ ಬಸ್ಸು ಹತ್ತಿದೆ.

"ಚರ್ಚಿನ ಹತ್ರ ಇಳಿಸ್ರಿ" ಎಂದೆ ಕಂಡಕ್ಟರಿಗೆ.

"ಯಾವ ಚರ್ಚು ಮಾರಾಯ್ರೆ?"

"ಚರ್ಚ್ ಅಂದ್ರ ಚರ್ಚೇ ರೀ. ಇವತ್ತು ಗಂಡಸರ ಮೀಟಿಂಗ್ ಐತಿ ನೋಡ್ರಿ, ಅದು."

ನಮ್ಮೂರಿನಲ್ಲಿ ಚರ್ಚು ಎಂದರೆ ಒಂದೇ, ಅದು ನಮ್ಮದು. ಅಲ್ಲಿ ಹುಟ್ಟಿದವನಿಗೆ ಯಾವ ಚರ್ಚು ಎಂಬ ಪ್ರಶ್ನೆಯೇ ಹೊಳೆಯುವುದಿಲ್ಲ. ನರಸಿಂಹರಾಜಪುರದ ಸುತ್ತಮುತ್ತ ಕೇರಳದಿಂದ ಬಂದು ನೆಲೆಸಿದವರ ಚರ್ಚುಗಳು ಎಷ್ಟೋ ಇವೆ ಎಂಬುದು ಕಂಡಕ್ಟರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಶೆಟ್ಟಿಕೊಪ್ಪದ ಹತ್ತಿರ ಒಂದು ಚರ್ಚಿನ ಮುಂದೆ ಬಿಳಿ ಅಂಗಿಯ ಗಂಡಸರು ನಿಂತಿದ್ದರು. "ಇಳೀರಿ ಸಾರ್, ಗಂಡಸ್ರೇ ಇದಾರೆ ನೋಡಿ" ಎಂದು ಆತ ವಿಸಿಲ್ ಊದಿದ. ಜೀವಮಾನವೆಲ್ಲ ವಿಸಿಲ್ ಊದಿ ಊರವರನ್ನು ಓಡಿಸಿದವನು ಅವನ ವಿಸಿಲಿಗೆ ತೆಪ್ಪಗೆ ಇಳಿದೆ.

ಒಳಗೆ ಮಲಯಾಳದಲ್ಲಿ ಹಾಡುತ್ತಿದ್ದರು. ಸಮ್ಮೇಳನಕ್ಕೆ ಕೇರಳದ ಅತಿಥಿಗಳನ್ನು ಕರೆಸಿದ್ದಾರೆ ಎಂದುಕೊಂಡೆ. ಹಾಡಿನ ಧಾಟಿ ನಮ್ಮಲ್ಲಿ ಹಾಡುವಂಥದ್ದೇ, ನಾನೂ ತಾಳ ಹಾಕಿದೆ. ಚಹಾ ಕೊಟ್ಟರು, ಬಾಳೆಹಣ್ಣು ಕೊಟ್ಟರು. ಹೊಸಬ ಎಂದು ಒಬ್ಬ ಹಿರಿಯರು ಎರಡು ಮಾತಾಡಲು ಕೈ ತೋರಿಸಿದರು. ನನಗೆ ಬೇಕಾದದ್ದೂ ಅದೇ. ಎದ್ದು ನಿಂತು, ಅದುವರೆಗೆ ಯಾರಿಗೂ ಹೇಳದಿದ್ದುದನ್ನೆಲ್ಲ ಹೇಳಿದೆ. ಕೊಪ್ಪದ ಡ್ರಿಲ್ ಮಾಸ್ತರ ಎಂಬುದು, ಗಂಟು, ಶಿವಮೊಗ್ಗದ ಆಸ್ಪತ್ರೆ, ಬರುವ ಬುಧವಾರ. "ನನಗ ಯಾರೂ ಇಲ್ಲ. ಆಸ್ಪತ್ರಿಗೆ ಜೋಡಿ ಬರಾಕ ಒಬ್ಬರು ಬೇಕು. ಅದಕ್ಕ ಪ್ರಾರ್ಥನಾ ಮಾಡ್ರಿ" ಎನ್ನುವಾಗ ದನಿ ಒಡೆಯಿತು.

ಹಿರಿಯರು ಮಲಯಾಳದಲ್ಲಿ ಏನೋ ಕೇಳಿದರು. ಹಿಂದಿನ ಬೆಂಚಿನಿಂದ ದಪ್ಪ ಮೀಸೆಯ ಒಬ್ಬರು ಕೈ ಎತ್ತಿದರು. ಇನ್ನೊಂದು ಚಹಾ ಕೇಳುತ್ತಿದ್ದಾರೆ ಎಂದುಕೊಂಡೆ.

ಪ್ರಾರ್ಥನೆಯಾದ ಮೇಲೆ ಅದೇ ಮೀಸೆಯವರು ಹತ್ತಿರ ಬಂದರು. ಹೆಸರು ಪೌಲೋಸ್, ರಸ್ತೆಬದಿಯಲ್ಲಿ ಟೈರ್ ಪಂಕ್ಚರ್ ಅಂಗಡಿ. ಅವರ ಅಪ್ಪ ಕೇರಳದಿಂದ ಬಂದವರು, ಇವರು ಇಲ್ಲೇ ಹುಟ್ಟಿ ಬೆಳೆದವರು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮೀಟಿಂಗು ಇದಲ್ಲ. ನಿಮ್ಮದು ಪೇಟೇಲಿ, ಛತ್ರದಲ್ಲಿ. ನಿನ್ನೆ ಬ್ಯಾನರ್ ಕಟ್ತಾ ಇದ್ರು, ನೋಡಿದ್ದೆ."

ನೆಲ ಬಾಯಿ ಬಿಡಬಾರದೇ ಎನಿಸಿತು. ಪರರ ಮನೆಯ ಮದುವೆಯಲ್ಲಿ ಉಂಡು ಆಶೀರ್ವಾದವನ್ನೂ ಮಾಡಿದಂತಾಗಿತ್ತು. ಪೌಲೋಸ್ ನಗಲಿಲ್ಲ. "ಹತ್ತಿ ಮಾರಾಯ್ರೆ, ಬಿಟ್ಟು ಬರ್ತೆ" ಎಂದು ಸ್ಕೂಟರಿನಲ್ಲಿ ಛತ್ರದ ಬಾಗಿಲಿಗೇ ಇಳಿಸಿ ಹೋದರು.

ಅಲ್ಲಿ ಹಾಜರಿ ನಡೆಯುತ್ತಿತ್ತು. ನಮ್ಮ ಸಮ್ಮೇಳನದ ಪದ್ಧತಿ ನಿಮಗೆ ಗೊತ್ತೇ ಇದೆ: ಸಭೆಯ ಹೆಸರು ಕೂಗಿದಾಗ ಆ ಸಭೆಯ ಗಂಡಸರೆಲ್ಲ ಎದ್ದು ಒಂದು ಪಲ್ಲವಿ ಹಾಡಬೇಕು. ಬೀದರದವರು ಎದ್ದರೆ ಡೋಲಕ್ಕು, ತಾಳ, ಛಾವಣಿ ಹಾರುವಂಥ ಹಾಡು. "ಕೊಪ್ಪ" ಎಂದರು. ನಾನೊಬ್ಬನೇ ಎದ್ದೆ. "ಒಬ್ಬನೇ ಆದ್ರೂ ಸಿಂಹ ಬಿಡ್ರಿ!" ಎಂದು ಯಾರೋ ಕೂಗಿದರು, ಎಲ್ಲರೂ ಪ್ರೀತಿಯಿಂದ ಚಪ್ಪಾಳೆ ತಟ್ಟಿದರು. ಹಾಡಿ ಕೂತೆ. ಆ ಚಪ್ಪಾಳೆಯ ನಡುವೆ ಆದಷ್ಟು ಒಂಟಿತನ ನನಗೆ ಬಾಳಗಡಿಯ ಮಹಡಿಯಲ್ಲೂ ಆಗಿರಲಿಲ್ಲ.

ಪ್ರಾರ್ಥನೆಯ ಸಮಯದಲ್ಲಿ ನನ್ನ ವಿನಂತಿ ಇಟ್ಟೆ. ಹಿರಿಯರು ತಲೆಯ ಮೇಲೆ ಕೈಯಿಟ್ಟು ಕಣ್ಣೀರು ಹಾಕಿ ಪ್ರಾರ್ಥಿಸಿದರು. ಊಟದ ಪಂಕ್ತಿಯಲ್ಲಿ, "ಚಿಂತಿ ಮಾಡಬ್ಯಾಡ್ರಿ ಬ್ರದರ್, ದೇವರಿದ್ದಾನ" ಎಂದು ಎಷ್ಟು ಜನ ಬೆನ್ನು ತಟ್ಟಿದರು! ಯಾರ ಮಾತೂ ಸುಳ್ಳಲ್ಲ. ಆದರೆ ಎಲ್ಲರಿಗೂ ದೂರದ ದಾರಿ, ಹೊರಗೆ ಬಸ್ಸುಗಳು ಸ್ಟಾರ್ಟ್ ಆಗಿದ್ದವು. ಬುಧವಾರ ಬರುತ್ತೇನೆ ಎಂದವರು ಒಬ್ಬರೂ ಇಲ್ಲ. ವಾಪಸು ಬರುವಾಗ ಕಡಹಿನಬೈಲು ದಾಟುವ ಹೊತ್ತಿಗೆ ಅಳು ತಡೆಯಲಾಗದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೆ. ದೇವರ ಮೇಲೆ ಸಿಟ್ಟು ಬಂದಿತ್ತು. ಮರುದಿನ ಪ್ರಾರ್ಥನೆಗೂ ಕೂರಲಿಲ್ಲ.

ಆ ಬುಧವಾರ ಒಬ್ಬನೇ ಶಿವಮೊಗ್ಗಕ್ಕೆ ಹೋದೆ. ಕೌಂಟರಿನಲ್ಲಿ ನರ್ಸ್ ತಲೆಯೆತ್ತದೆ, "ಜೊತೆಗೆ ಯಾರು ಬಂದಿದ್ದಾರೆ?" ಎಂದಳು.

"ಬರ್ತಾರ್ರೀ."

ಮಾಡಬೇಕಾದ ಪರೀಕ್ಷೆ ಮಾಡಿದರು, ಆಸ್ಪತ್ರೆಯ ಹಸಿರು ಅಂಗಿ ತೊಡಿಸಿದರು. ಅವಳು ಮತ್ತೆ ಬಂದು, "ಇನ್ನೂ ಬರಲಿಲ್ವಾ ಅಂಕಲ್? ಅವರ ಸಹಿ ಇಲ್ಲದೆ ಒಳಗೆ ಕರ್ಕೊಂಡು ಹೋಗೋಕೆ ಆಗಲ್ಲ. ಯಾರೂ ಇಲ್ದಿದ್ರೆ ಬೇರೆ ದಿನ ಇಟ್ಕೊಳ್ಳೋಣ" ಎಂದಳು. ಬೇರೆ ದಿನ ಮಾತ್ರ ಯಾರು ಬರುತ್ತಾರೆ? ಕಣ್ಣು ಮುಚ್ಚಿದೆ. ಪ್ರಾರ್ಥನೆಯ ಪದಗಳು ಬರಲಿಲ್ಲ. "ಶಾಂತೂ" ಎಂದು ಹೆಂಡತಿಯ ಹೆಸರು ಬಾಯಿಗೆ ಬಂತು, ಆಮೇಲೆ "ಕರ್ತನೇ" ಎಂದು.

ಕಾರಿಡಾರಿನ ತುದಿಯಲ್ಲಿ ಒಂದು ದೊಡ್ಡ ದನಿ: "ಕೊಪ್ಪದ ಡ್ರಿಲ್ ಮಾಸ್ಟ್ರು ಎಲ್ಲಿದಾರೆ?"

ಬಿಳಿ ಪಂಚೆ, ದಪ್ಪ ಮೀಸೆ, ಕೈಯಲ್ಲಿ ಫ್ಲಾಸ್ಕು. ಪೌಲೋಸ್! ನನ್ನನ್ನು ಕಂಡು, "ಎಂತ ಮಾರಾಯ್ರೆ, ಕೊಪ್ಪದಲ್ಲೇ ಹಿಡಿಯುವ ಅಂತ ಬಂದ್ರೆ ನೀವು ಆಗ್ಲೇ ಬಸ್ ಹತ್ತಿ ಆಗಿದೆ" ಎಂದು ಬೈದರು. ಆ ಬೈಗುಳದಷ್ಟು ಸಿಹಿಯಾದ ಮಾತನ್ನು ನಾನು ಕೇಳಿಲ್ಲ.

ನರ್ಸ್ ಓಡಿ ಬಂದು ಪೆನ್ನು ಕೊಟ್ಟಳು. "ಇವರಿಗೆ ನೀವು ಏನಾಗ್ಬೇಕು?"

ಏನಾಗಬೇಕು? ಭಾಷೆ ಬೇರೆ, ಸಭೆ ಬೇರೆ, ನಾನು ಅವರನ್ನು ಕಂಡದ್ದು ಒಂದೇ ಸಲ, ಅದೂ ದಾರಿ ತಪ್ಪಿ.

ಪೌಲೋಸ್ ಒಂದು ಕ್ಷಣವೂ ಯೋಚಿಸಲಿಲ್ಲ. "ನಮ್ಮ ಚರ್ಚಿನವರು" ಎಂದು ಸಹಿ ಹಾಕಿದರು.

ಸಹೋದರರೇ, ನನ್ನ ಪ್ರಾರ್ಥನೆಗೆ ಉತ್ತರ ಬಂದದ್ದು ಹೀಗೆ. ನಾನು ಕೇಳಿದ್ದು ಒಬ್ಬ ಮನುಷ್ಯನನ್ನು. ಕರ್ತನು ಕೊಟ್ಟಾಗಿತ್ತು, ನಾನು ಸರಿಯಾದ ಛತ್ರ ಸೇರುವ ಮೊದಲೇ ಕೊಟ್ಟಾಗಿತ್ತು. ಅವನು ಕೊಟ್ಟದ್ದು ತಿಳಿಯದೆ ಬಸ್ಸಿನಲ್ಲಿ ಕೂತು ಅತ್ತವನು ನಾನು.

ಎಚ್ಚರವಾದಾಗ ಪೌಲೋಸ್ ಪಕ್ಕದ ಸ್ಟೂಲಿನ ಮೇಲೆ ಕೂತು ಅಂದಿನ ಹಾಡನ್ನೇ ಗುನುಗುತ್ತಿದ್ದರು. ನಾಲ್ಕು ದಿನ ಅಂಗಡಿ ಮುಚ್ಚಿ ನನ್ನ ಜೊತೆಗಿದ್ದರು. ಗಂಜಿ ಕುಡಿಸಿದರು, ಬಚ್ಚಲಿಗೆ ಹಿಡಿದುಕೊಂಡು ಹೋದರು. ಮಾತಾಡಲು ಬಂದ ಮೇಲೆ, "ಯಾಕ ಬಂದ್ರಿ?" ಎಂದು ಪಿಸುಗುಟ್ಟಿದೆ.

"ಅವತ್ತು ಕೈ ಎತ್ತಿದ್ನಲ್ಲ" ಎಂದರು. "ನಮ್ಮ ಗಂಡಸರ ಕೂಟದಲ್ಲಿ ಯಾರಾದ್ರೂ ಪ್ರಾರ್ಥನೆ ಕೇಳಿದ್ರೆ, 'ಇದು ಯಾರ ಪಾಲು' ಅಂತ ಹಿರೀರು ಕೇಳ್ತಾರೆ. ಕೈ ಎತ್ತಿದವ ಅದು ಮುಗಿಯೋವರೆಗೂ ನೋಡ್ಕೋಬೇಕು. ಬರೀ ಆಮೆನ್ ಹೇಳಿ ಮನೆಗೆ ಹೋಗೋ ಹಾಗಿಲ್ಲ."

ಗಂಟು ಕೆಟ್ಟದ್ದಲ್ಲ ಎಂದು ವರದಿ ಬಂತು. ಕರ್ತನಿಗೆ ಸ್ತೋತ್ರ. ದನಿ ಮಾತ್ರ ಪೂರ್ತಿ ವಾಪಸು ಬರಲಿಲ್ಲ. ಈಗ ಮೈದಾನದಲ್ಲಿ ವಿಸಿಲೇ ನನ್ನ ಮಾತು. ಬಾಳಗಡಿಯ ಮಹಡಿಯಲ್ಲಿ ಶನಿವಾರ ಈಗಲೂ ನಾನೊಬ್ಬನೇ. ಪೌಲೋಸರಿಗೆ ಅವರ ಸಭೆಯಿದೆ, ಯಾವಾಗಲಾದರೊಮ್ಮೆ ಫೋನು ಮಾಡಿ ಬೈಯುತ್ತಾರೆ. ಒಂಟಿತನ ಹೋಯಿತು ಎಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಆದರೆ ನನ್ನ ಆಮೆನ್ ಗೋಡೆಗೆ ಬಡಿದು ವಾಪಸು ಬರುತ್ತದೆ ಎಂದು ಈಗ ಅನಿಸುವುದಿಲ್ಲ.

ಈ ವರ್ಷದ ಸಮ್ಮೇಳನದಲ್ಲಿ ನೀವೆಲ್ಲ ಇದ್ದಿರಿ. "ಕೊಪ್ಪ" ಎಂದಾಗ ಮತ್ತೆ ನಾನೊಬ್ಬನೇ ಎದ್ದದ್ದು, ನನ್ನ ಪಲ್ಲವಿ ಯಾರಿಗೂ ಕೇಳದೆ ಇದ್ದದ್ದು ನೆನಪಿರಬಹುದು. ಪ್ರಾರ್ಥನೆಯ ಸಮಯದಲ್ಲಿ ಚಿತ್ರದುರ್ಗದ ಕಡೆಯ ಸಿಮೆಯೋನಪ್ಪ ಎಂಬ ಮುದುಕರು ಎದ್ದರು. ಹೃದಯದ ಆಪರೇಷನ್, ಹೆಂಡತಿಯಿಲ್ಲ, ಮಕ್ಕಳಿಲ್ಲ. ಕೂತವರೆಲ್ಲ ಕಣ್ಣು ಮುಚ್ಚಲು ಸಿದ್ಧರಾದರು. ನಾನು ಕೈ ಎತ್ತಿದೆ. ಚಹಾ ಬೇಕೇನೋ ಎಂದುಕೊಂಡವರೂ ಇದ್ದೀರಿ, ಬಲ್ಲೆ.

ಇದನ್ನು ದಾವಣಗೆರೆಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಿಮೆಯೋನಪ್ಪನವರನ್ನು ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ಹೋಗುವಾಗ ನನ್ನ ಕೈ ಬಿಡಲೊಲ್ಲರು. ಅದಕ್ಕೂ ಮೊದಲು ಸಹಿ ಮಾಡಿಸಲು ಬಂದ ನರ್ಸ್, "ಅಜ್ಜನಿಗೆ ನೀವು ಏನಾಗ್ಬೇಕು?" ಎಂದು ಕೇಳಿದಳು. ಹೇಳಿದೆ. ನನ್ನ ದನಿ ಅವಳಿಗೆ ಕೇಳಲಿಲ್ಲ. "ಏನು?" ಎಂದು ಬಗ್ಗಿದಳು.

ಇದ್ದಬದ್ದ ಗಂಟಲನ್ನೆಲ್ಲ ಒಟ್ಟುಮಾಡಿ ಇನ್ನೊಮ್ಮೆ ಹೇಳಿದೆ: "ನಮ್ಮ ಚರ್ಚಿನವರು."