ಪಿಂಜಾರ ಇಮಾಮಬೀ, ಮೂರು ಬೆಕ್ಕು, ಒಂದು ಕೂಸು

ಶಹಾಪುರದ ಪಿಂಜಾರ ಓಣ್ಯಾಗ ಇಮಾಮಬೀ ಅಂದ್ರ ಬಾಯಿ. ಆಕಿ ಬಾಯಿಗೆ ಹೆದರಿ ಹತ್ತಿ ದಲಾಲರು ಸೈತ ಆಕಿ ಮನಿ ಮುಂದ ಚಪ್ಪಲಿ ಸಪ್ಪಳ ಮಾಡದ ದಾಟತಿದ್ದರು. ಗಾದಿ ಹೊಲಿಸಿಕೊಂಡು ಹೋದವರು 'ಹತ್ತಿ ಕಮ್ಮಿ ತುಂಬೀದಿ' ಅಂತ ತಿರುಗಿ ಬಂದ್ರ ಮುಗೀತು. ಆ ಮನಿಯವರು ಮೊದಲು ಯಾವ ಹರಕು ಚಾಪಿ ಮ್ಯಾಲ ಮಲಗತಿದ್ದರು ಅಂತ ಅಜ್ಜ ಮುತ್ತಜ್ಜರ ತನಕ ಹೇಳಿ, ಓಣಿಗೆಲ್ಲಾ ಕೇಳಿಸಿ, ಆಮ್ಯಾಲ ಗಾದಿ ಬಿಚ್ಚಿ ಇನ್ನೊಂದು ಹಿಡಿ ಹತ್ತಿ ತುರುಕಿ ಕಳಸತಿದ್ದಳು. ಇಂಥಾ ಹೆಂಗಸು ಮನ್ಯಾಗಿನ ಬೆಕ್ಕಿಗೆ ಮಾತ್ರ ಒಂದು ದಿನಾನೂ ದನಿ ಏರಿಸಿದಾಕಿ ಅಲ್ಲ.

ಪಿಂಜಾರರ ಮನಿಗೆ ಬೆಕ್ಕು ಬೇಕೇ ಬೇಕ್ರಿ. ಹತ್ತಿ ರಾಶಿ ಇದ್ದಲ್ಲಿ ಇಲಿ ಗೂಡು ಕಟ್ಟೋದು ಒಂದು ಕಾಟ. ಅದಕ್ಕಿಂತ ದೊಡ್ಡ ಕಾಟ ಹತ್ತಿ ಹಿಂಜೋ ಬಿಲ್ಲಿಂದು. ಆ ಬಿಲ್ಲಿನ ನರ ಕುರಿ ಕರುಳಿಂದು, ಇಲಿಗೆ ಅದರ ವಾಸನಿ ಬಡಿದ್ರ ಸಾಕು, ಗ್ವಾಡಿ ಹತ್ತಿ ಹೋಗಿ ಕಡೀತಾವ. ಹಂಗಾಗಿ ಇಮಾಮಬೀ ಮನ್ಯಾಗ ಮೂರು ಬೆಕ್ಕು ಇದ್ದವು. ಬೂದಿ ಅನ್ನೋದು ಮುದಿ ಹೆಣ್ಣು, ಚೋಟಿ ಅದರ ಮಗಳು, ಕರಿಯಾ ಅನ್ನೋ ಗಂಡು ಎಲ್ಲಿಂದಲೋ ಬಂದು ಮನಿ ಅಳಿಯನಂಗ ಉಳಕೊಂಡಿತ್ತು.

ಬಿಲ್ಲು ಆಕಿ ಮಗ ಲಾಡ್ಲೇಸಾಬಂದು. ಹೈದರಾಬಾದಿನ ಸರಕಾರ ಬಿದ್ದು ದಿಲ್ಲಿ ದಂಡು ಬಂದ ವರ್ಷ, ಇನ್ನ ಮಳಿ ಪೂರಾ ನಿಂತಿರಲಿಲ್ಲ, ಅವ ಸುರಪುರದ ಒಂದು ಮದುವಿ ಮನಿಗೆ ಗಾದಿ ಮುಟ್ಟಿಸಿ ಬರ್ತೀನಿ ಅಂತ ಬಂಡಿ ಹೂಡಿಕೊಂಡು ಹೋದ. ಹೋದವ ಬರಲಿಲ್ಲ. ಆ ದಿನದಾಗ ದಾರಿ ಮ್ಯಾಲ ಯಾರು ಯಾರಿಗೆ ಏನು ಮಾಡಿದ್ರು ಅಂತ ಬಾಯಿಬಿಟ್ಟು ಹೇಳೋರು ಯಾರಿದ್ದರು? ಸೊಲ್ಲಾಪುರಕ್ಕ ಓಡಿಹೋಗ್ಯಾನ ಅಂದರು ಕೆಲವರು. ಗುಲಬರ್ಗಾ ಜೇಲಿನ್ಯಾಗ ಅದಾನ ಅಂದರು ಕೆಲವರು. ಇಮಾಮಬೀ ಎಲ್ಲಾರ ಮಾತೂ ನಂಬಿದಳು. ಹೆಣ ಕಂಡೀನಿ ಅಂದವ ಒಬ್ಬನೂ ಇಲ್ಲ ಅಂದಮ್ಯಾಲ ನನ್ನ ಮಗ ಅದಾನ, ಬರ್ತಾನ, ಅಷ್ಟ!

ಅವ ಹೋಗುವಾಗ ಸೊಸಿ ಶರೀಫಾಬೀಗೆ ದಿನ ತುಂಬೋದು ಭಾಳ ದೂರಿತ್ತು. ಶರೀಫಾ ಸಗರದ ಚಾಂದಪಾಶಾನ ಮಗಳು. ಮೊದಲನೇ ಬಾಣಂತನ ತವರಾಗ ಆಗಬೇಕು, ಅದು ರೂಢಿ. ಚಾಂದಪಾಶಾ ಚಳಿಗಾಲದಾಗ ಕರಕೊಂಡು ಹೋಗಾಕ ಬಂದ. ಅಪ್ಪ ಮಗಳು ಹಿತ್ತಲದಾಗ ಭಾಳ ಹೊತ್ತು ಮಾತಾಡಿದರು. ಒಳಗ ಬಂದ ಶರೀಫಾ ಅತ್ತಿ ಮುಖ ನೋಡಿದಳು, "ನಾ ಇಲ್ಲೇ ಹಡೀತೀನಿ" ಅಂದಳು. ಚಾಂದಪಾಶಾ ಒಬ್ಬನೇ ಹೋದ. ಇಮಾಮಬೀ ಎದಿ ಉಬ್ಬಿಸಿಕೊಂಡು ಬಾಜೂ ಮನಿ ರೇಣಮ್ಮನ ಮುಂದ, "ಸೊಸಿ ಅಂದ್ರ ಇದು ನೋಡು, ಗಂಡನ ಮನಿ ಬಿಟ್ಟು ಕದಲಾಂಗಿಲ್ಲ ಅಂತಾಳ" ಅಂತ ವಾರಗಟ್ಟಲೆ ಹೇಳಿಕೊಂಡು ತಿರುಗಿದಳು.

ಖರೇ ಹೇಳಬೇಕಂದ್ರ ಆಕಿಗೆ ಒಂದೇ ಅಂಜಿಕಿ ಇತ್ತು. ಶರೀಫಾ ತವರಿಗೆ ಹೋದ್ರ ತಿರುಗಿ ಕಳಸಾಂಗಿಲ್ಲ. ಹರೇದ ಹುಡುಗಿ, ಗಂಡನ ಪತ್ತಾ ಇಲ್ಲ, ಅಪ್ಪನಾದವ ಸುಮ್ಮನಿರತಾನೇನು? ಆಕಿ ಹೋದ್ರ ಕೂಸು ಹೋತು. ಕೂಸು ಮಾತ್ರ ಈ ಹೊಸ್ತಿಲಾ ದಾಟಬಾರದು. ಲಾಡ್ಲ್ಯಾ ಬಂದು ಒಳಗ ಕಾಲಿಟ್ಟ ಕೂಡ್ಲೆ ಅವನ ಕಣ್ಣಿಗೆ ತೊಟ್ಲ ಬೀಳಬೇಕು. ಇಷ್ಟರ ಸಲುವಾಗಿ ಇಮಾಮಬೀ ಏನು ಕೇಳಿದ್ರೂ ಕೊಡಾಕ ತಯಾರಿದ್ದಳು.

ಹತ್ತಿ ಬಿಡಿಸೋ ಸುಗ್ಗ್ಯಾಗ ಗಂಡು ಕೂಸು ಹುಟ್ಟಿತು. ಓಣಿ ಹೆಂಗಸರು ಹೆಸರು ಏನು ಅಂದ್ರ, "ಹೆಸರು ಅವರಪ್ಪ ಬಂದು ಇಡತಾನ, ನಿಮಗ್ಯಾಕ ಅವಸರ?" ಅಂದಳು. ಶರೀಫಾ ಗ್ವಾಡಿ ಕಡೆ ಹೊಳ್ಳಿ ಮಲಗಿದಳು.

ಮನುಷ್ಯಾರ ಕತಿ ಇದು. ಬೆಕ್ಕಿಂದು ಬ್ಯಾರೇನ ಆಗಿಬಿಟ್ಟಿತು. ಕೂಸಿನ ಮೊದಲನೇ ಚೀರು ಕೇಳಿದ್ದೇ ತಡ, ಕರಿಯಾ ಒಂದೇ ನೆಗತಕ್ಕ ಜಂತಿ ಮ್ಯಾಲ ಏರಿ ಕುಂತು ಇಳಿಯಲೇ ಇಲ್ಲ. ಚೋಟಿ ಅರ್ಧ ತುಂಬಿದ ಗಾದಿಯೊಳಗ ಹೊಕ್ಕು ಬಾಲ ಅಷ್ಟ ಹೊರಗ ಬಿಟ್ಟುಕೊಂಡಿತು. ಬೂದಿಗಂತೂ ಹೇಳಲಾರದ ಅವಮಾನ. ಒಲಿ ಬಾಜೂಕ ಬೆಚ್ಚಗಿನ ಜಾಗ ಅದರ ಪಿತ್ರಾರ್ಜಿತ. ಅಲ್ಲಿ ಈಗ ಬಾಣಂತಿ ನೀರಿನ ಹಂಡೆ ಕುಂತಿತ್ತು. ಮ್ಯಾಲ ಲೋಬಾನದ ಹೊಗಿ, ಅಜವಾನದ ಹೊಗಿ. ಬೂದಿ ಬಾಗಿಲ ಸಂದ್ಯಾಗ ಎಲ್ಲಾರಿಗೂ ಬೆನ್ನು ಕೊಟ್ಟು ಕುಂತಿತು. ಹಾಲಿಟ್ರ ಮೂಸಿ ನೋಡಿ ಹಂಗೇ ಬಿಟ್ಟಿತು.

"ಸಿಟ್ಟೇನವ್ವ ನನ ಮ್ಯಾಲ?" ಇಮಾಮಬೀ ಅದರ ಮುಂದ ಕುಕ್ಕರಗಾಲಿಲೆ ಕುಂತು ಕೇಳತಿದ್ದಳು. "ಅದು ಕೂಸು, ನೀ ದೊಡ್ಡಾಕಿ. ದೊಡ್ಡಾವರು ಹಿಂಗ ಮಾಡಿದ್ರ ಹೆಂಗ? ನಾಲ್ಕು ದಿನ ತಡಿ, ನಿನ್ನ ಜಾಗ ನಿನಗೇ."

ಒಳಗಿನಿಂದ ರೇಣಮ್ಮ, "ಇಮಾಮಕ್ಕ, ಬಾಣಂತಿಗೆ ಗಂಜಿ ಕೊಡೋದು ಬಿಟ್ಟು ಬೆಕ್ಕಿನ ಕಾಲು ಹಿಡ್ಯಾಕತ್ತಿ?" ಅಂತ ನಗತಿದ್ದಳು.

ಮೊದಲ ಹತ್ರ ಬಂದದ್ದು ಚೋಟಿ. ತೊಟ್ಲ ಹಗ್ಗ ಅಲ್ಲಾಡಿದ್ರ ಅದಕ್ಕ ಆಟ. ಆಮ್ಯಾಲ ಕರಿಯಾ ಒಂದೊಂದ ಜಂತಿ ದಾಟಿ ತೊಟ್ಲ ಮ್ಯಾಲಿನ ಜಂತಿಗೆ ಬಂದು, ಕಾಲು ಇಳಿಬಿಟ್ಟು, ಕೆಳಗ ಮಿಸುಕಾಡೋ ಮುಷ್ಟಿ ನೋಡಿಕೋತ ಕುಂದ್ರಾಕತ್ತಿತು. ಬೂದಿ ಎಲ್ಲಾರಕಿಂತ ಹಿಂದ. ಒಂದು ಮುಂಜಾನಿ ಕೂಸು ಅತ್ತು ಅತ್ತು ಸೊರಗಿದಾಗ ತಾನೇ ಎದ್ದು ಬಂದು ತೊಟ್ಲ ಕೆಳಗ ಮಲಗಿ ಗುರ್ ಗುರ್ ಅನ್ನಾಕತ್ತಿತು. ಕೂಸು ಸುಮ್ಮನಾತು. ಅಂದಿನಿಂದ ಅದೇ ನೌಕರಿ ಬೂದಿಗೆ. ಆ ಸಪ್ಪಳ ಇಲ್ಲದ ಕೂಸು ಮಲಗದಂಗಾತು.

ಶರೀಫಾಗ ಮಾತ್ರ ಇದು ಸೇರಲಿಲ್ಲ. ಬೆಕ್ಕು ಕೂಸಿನ ಎದಿ ಮ್ಯಾಲ ಕುಂದ್ರತದ, ಕೂದಲಾ ಮೂಗಿನ್ಯಾಗ ಹೋಗತದ ಅಂತ ದಿನಾ ಒಂದು ಹೇಳಾಕಿ. ಇಮಾಮಬೀ ಹತ್ತಿ ಹಿಂಜೋ ಮನ್ಯಾಗ ಕೂದಲಾ ಎಣಿಸ್ತಾರೇನು ಅಂತ ನಕ್ಕು ತಳ್ಳಿಬಿಡತಿದ್ದಳು.

ಹಿಂಗಿರುವಾಗ ಒಂದು ಮಧ್ಯಾಹ್ನ ಇಮಾಮಬೀ ಪಡಸಾಲ್ಯಾಗ ಗಾದಿ ಹೊಲೀತಿದ್ದಳು. ಬೂದಿ ಬಾಯಾಗ ಒಂದು ಇಲಿ ಕಚ್ಚಿಕೊಂಡು ಬಂತು. ಇಲಿಗೆ ಇನ್ನ ಜೀವ ಇತ್ತು. ಬೂದಿ ಅದನ್ನ ತಿನ್ನಲಿಲ್ಲ. ಸೀದಾ ಒಳಗ ಹೋಗಿ, ತೊಟ್ಲಾಗ ಹಾರಿ, ಕೂಸಿನ ಕೈ ಹತ್ರ ಇಲಿ ಇಟ್ಟು, ಹಿಂದ ಸರಿದು ಕುಂತು ನೋಡಿತು. ಇಮಾಮಬೀಗೆ ಗೊತ್ತಾಗಿಹೋತು. ಬೂದಿ ತನ್ನ ಮರಿಗಳಿಗೆ ಬ್ಯಾಟಿ ಕಲಸೋದು ಹಿಂಗೇ. ಈ ಕೂಸನ್ನ ತನ್ನದೇ ಅಂತ ತಿಳಕೊಂಡುಬಿಟ್ಟದ! ಲಾಡ್ಲ್ಯಾ ಹೋದಮ್ಯಾಲ ಆಕಿ ಹಂಗ ನಕ್ಕಿರಲಿಲ್ಲ. "ಬಾರಬೇ ರೇಣಮ್ಮ, ಲಗೂನ ಬಾ, ನನ್ನ ಮೊಮ್ಮಗಗ ಯಾರು ಉಡುಗೊರಿ ತಂದಾರ ನೋಡು ಬಾ!" ಅಂತ ಕೈ ಬಡದು ಕೂಗಿದಳು.

ಹಿತ್ತಲದಿಂದ ಓಡಿ ಬಂದ ಶರೀಫಾ ಕಿಟಾರನೆ ಕಿರುಚಿ ಕೂಸಿನ ಕಸಗೊಂಡಳು.

"ನಾ ಇಲ್ಲಿ ಇರಾಂಗಿಲ್ಲ ಅತ್ತಿ. ಬೆಕ್ಕಿನ ಮನ್ಯಾಗ ನನ್ನ ಕೂಸಿನ ಇಡಾಂಗಿಲ್ಲ. ಅಪ್ಪಗ ಬಂಡಿ ತರಾಕ ಹೇಳಿ ಕಳಸ್ತೀನಿ."

ಇಮಾಮಬೀ ನಗು ಅಲ್ಲೇ ನಿಂತಿತು. "ಇಷ್ಟಕ್ಕ ತವರಿಗೆ ಹೋಗ್ತಾರೇನಬೇ? ಬೆಕ್ಕೇ ನಿನಗ ಬ್ಯಾಡಾದ್ರ ಬೆಕ್ಕು ಬಿಟ್ಟು ಬರ್ತೀನಿ. ಮೂರೂ ಬಿಟ್ಟು ಬರ್ತೀನಿ. ಆವಾಗ ಇರ್ತೀಯಿಲ್ಲೋ?"

ಶರೀಫಾ ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಬಾಗಿಲಾಗ ನಿಂತ ರೇಣಮ್ಮ ಶರೀಫಾನ ಮುಖ ನೋಡಿ, ಏನೋ ಅನ್ನಾಕ ಬಾಯಿ ತೆಗೆದು ಮುಚ್ಚಿದಳು. ಇಮಾಮಬೀ ಸೊಸಿ ಸುಮ್ಮನಿದ್ದದ್ದನ್ನೇ ಹೂಂ ಅಂತ ಹಿಡಕೊಂಡಳು.

ಓಣ್ಯಾಗಿನ ಭಾಗಣ್ಣನ ಬಂಡಿ, ಹತ್ತಿ ತುಂಬಿದ ಅಂಡಿಗಿ ಹೇರಿಕೊಂಡು, ಯಾದಗಿರಿ ರೈಲು ಟೇಶನ್‌ಗೆ ಹೊಂಟಿತ್ತು. ಇಮಾಮಬೀ ಚೀಲದಾಗ ಮೂರೂ ಬೆಕ್ಕು ತುಂಬಿಕೊಂಡು ಹತ್ತಿದಳು. ಹೊಳಿ ದಾಟಿಸಿ ಬಿಟ್ಟ ಬೆಕ್ಕು ತಿರುಗಿ ಬರಾಂಗಿಲ್ಲ ಅಂತಾರ, ಅದಕ್ಕ ಭೀಮಾ ಹೊಳಿ ದಾಟೋತನ ಆಕಿ ಚೀಲ ಬಿಚ್ಚಲಿಲ್ಲ. ದಾರಿ ತುಂಬ ಚೀಲದೊಳಗಿನ ಒದರಾಟ ಕೇಳಿ ಕೇಳಿ ಭಾಗಣ್ಣಗ ತಡೀಲಿಲ್ಲ.

"ಇಮಾಮವ್ವ, ಆ ಮುದಿಯಾಕಿನ್ನಾರ ಇಟ್ಕೋಬಾರದಾ? ಅದಕ್ಕ ಇನ್ನೆಷ್ಟು ದಿನದ ಜೀವ?"

"ನೀ ಎತ್ತು ಹೊಡಿಯೋ ಕಡೆ ನೋಡೋ ಭಾಗಣ್ಣ. ಒಂದು ಉಳಿದ್ರ ಅದೇ ಒಂದು ಮಾತಾಗತದ. ನನಗ ಕೂಸು ಉಳೀಬೇಕು."

ಯಾದಗಿರಿ ಹತ್ತಿ ಗಿರಣಿ ಹಿಂದ ಚೀಲ ಬಿಚ್ಚಿದಳು. ಕರಿಯಾ ಬಾಣ ಬಿಟ್ಟಂಗ ಓಡಿಹೋತು. ಚೋಟಿ ಅಂಡಿಗಿ ಸಂದ್ಯಾಗ ಹೊಕ್ಕಿತು. ಬೂದಿ ಹೊರಗೇ ಬರಲಿಲ್ಲ. ಚೀಲ ಕೊಡವಿದಾಗ ನೆಲಕ್ಕ ಬಿದ್ದು, ಎದ್ದು, ಬಂಡಿ ಹೊಳ್ಳಿದ ಕೂಡ್ಲೆ ಹಿಂದ ಬೆನ್ನುಹತ್ತಿತು. ಇಮಾಮಬೀ ಕೆಳಗಿಳಿದಳು. ಮಣ್ಣಿನ ಹೆಂಟಿ ತಗೊಂಡು ಬೀಸಿದಳು. "ಹೋಗಬೇ! ಹಾಳಾಗಿ ಹೋಗು! ನಿನ್ನಿಂದ ನನ್ನ ಮನಿ ಮುರೀತದ!" ಅಂತ ಇದ್ದ ದನಿ ಎಲ್ಲಾ ಹಾಕಿ ಬೈದಳು. ಹೆಂಟಿ ಬೆನ್ನಿಗೆ ಬಿತ್ತು. ಬೂದಿ ನಿಂತಲ್ಲೇ ನಿಂತು ನೋಡಿತು. ಇಮಾಮಬೀ ಬಂಡಿ ಹತ್ತಿದಳು.

ಆಮ್ಯಾಲಿನ ದಿನ ಕೇಳಬ್ಯಾಡ್ರಿ. ಇಲಿಗಳಿಗೆ ಯಾರು ಸುದ್ದಿ ಹೇಳಿದ್ರೋ ಏನೋ, ಓಣಿ ಇಲಿಯೆಲ್ಲಾ ಅಲ್ಲೇ ಸೇರಿದವು. ಹೊಲಿದಿಟ್ಟ ಗಾದಿ ತೂತಾದವು. ಒಂದು ಮುಂಜಾನಿ ನೋಡಿದ್ರ ಲಾಡ್ಲೇಸಾಬನ ಬಿಲ್ಲಿನ ನರ ಕಡದು ಬಿದ್ದಿತ್ತು. "ಹೋಗಲಿ, ಹೊಸಾ ನರ ಹಾಕಿದ್ರಾತು, ಕೂಸು ಐತಲ್ಲ" ಅಂದಳು ಇಮಾಮಬೀ. ಆದ್ರ ಕೂಸು ಮಲಗಬೇಕಲ್ಲ? ತೊಟ್ಲ ಕೆಳಗಿನ ಸಪ್ಪಳ ಇಲ್ಲ. ತೂಗಿದ್ರೂ ಅಳು, ಎತ್ತಿದ್ರೂ ಅಳು. ಕಡೀಕ ಇಮಾಮಬೀ, ಓಣಿಯೆಲ್ಲಾ ಹೆದರೋ ಆ ಇಮಾಮಬೀ, ತಾನೇ ತೊಟ್ಲ ಕೆಳಗ ಹೊಕ್ಕು, ಮಣಕಾಲು ಎದಿಗೆ ಹಚ್ಚಿ ಮಲಗಿ, ಗಂಟಲಾಗ ಗುರ್ ಗುರ್ ಅನ್ನಾಕತ್ತಿದಳು. ಕೂಸು ಒಂದಿಷ್ಟು ಸುಮ್ಮನಾತು. ಅದನ್ನ ನೋಡಿದ ಶರೀಫಾ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಕ್ಕ ಓಡಿದಳು. ನಗಾಕ ಹೋಗ್ಯಾಳ ಅಂತ ತಿಳಕೊಂಡಳು ಇಮಾಮಬೀ.

ಬಾಣಂತಿಗೆ ನಲವತ್ತನೇ ದಿನದ ನೀರು ಹಾಕಿದ ಮರುದಿನ ಚಾಂದಪಾಶಾನ ಬಂಡಿ ಬಂದು ಬಾಗಿಲಾಗ ನಿಂತಿತು. ಇಮಾಮಬೀ ತಯಾರಾಗೇ ಇದ್ದಳು.

"ಬರ್ರಿ ಬೀಗ್ರ, ಮೂಲಿ ಮೂಲಿ ಹುಡುಕ್ರಿ! ಒಂದ ಬೆಕ್ಕಿನ ಕೂದಲಾ ಸಿಕ್ರ ನಿಮ್ಮ ಮಗಳನ್ನ ಕರಕೊಂಡು ಹೋಗ್ರಿ. ಮೂರೂ ಹೊಳಿ ದಾಟಿಸಿ ಬಂದೀನಿ. ಇನ್ನೇನು ಕಮ್ಮಿ ಐತಿ ಹೇಳ್ರಿ, ಅದನ್ನೂ ಮಾಡ್ತೀನಿ."

ಚಾಂದಪಾಶಾ ಮೂಲಿ ನೋಡಲಿಲ್ಲ. ತಲಿ ಬಗ್ಗಿಸಿ ನಿಂತ. ಶರೀಫಾ ಬಗಲಾಗ ಕೂಸು, ಕೈಯಾಗ ಗಂಟು ಹಿಡಕೊಂಡು ಹೊರಗ ಬಂದಳು.

"ಅತ್ತಿ, ಬೆಕ್ಕಿಂದೇನೂ ಇರಲಿಲ್ಲ."

"ಮತ್ತ?"

"ಬೆಕ್ಕಿನ ಮಾತಾದ್ರ ನಿನ್ನ ಮುಂದ ಆಡಾಕ ಬರ್ತಿತ್ತು. ಖರೇ ಮಾತು ಆಡಾಕ ಬರಲಿಲ್ಲ."

ಆಡಿದವ ಚಾಂದಪಾಶಾ. ಸುರಪುರದ ದಾರ್ಯಾಗ ಹಳ್ಳದ ದಂಡಿಗೆ ಲಾಡ್ಲೇಸಾಬ ಬಿದ್ದಿದ್ದ. ಆ ಕಡೆಯವರು ಇಬ್ಬರು ಸೇರಿ ಮಣ್ಣು ಮಾಡಿದ್ದರು. ಗದ್ದಲ ಅಡಗೋತನ ಬಾಯಿ ಬಿಟ್ಟಿರಲಿಲ್ಲ, ಚಳಿಗಾಲದಾಗ ಸಗರಕ್ಕ ಬಂದು ಹೇಳಿದರು. ಖಾಜಿ ಮುಂದ ಸಾಕ್ಷಿ ಆಗೇದ. "ಹುಡುಗಿ ಇನ್ನ ಸಣ್ಣಾಕಿ ಅಕ್ಕಾ. ಲಗ್ನಕ್ಕ ಒಬ್ಬ ಸಿಕ್ಕಾನ, ಕೂಸಿನ ಸಂಗಟ ಒಪ್ಪ್ಯಾನ" ಅಂದ.

ಇಮಾಮಬೀ ಬೈತಾಳ ಅಂತ ಎಲ್ಲಾರೂ ಕಾದರು. ಆಕಿ ಒಂದೇ ಕೇಳಿದಳು.

"ಕಫನಕ್ಕ ಏನು ಮಾಡಿದರು? ಅಡವ್ಯಾಗ ಬಟ್ಟಿ ಎಲ್ಲಿತ್ತು?"

"ಬಂಡ್ಯಾಗಿನ ಗಾದಿ ಬಿಚ್ಚಿ, ಅದರ ಬಟ್ಟೀಲೆ ಸುತ್ತಿದರಂತ. ನೀಲಿ ಗೀರಿನ ಬಟ್ಟಿ."

ನೀಲಿ ಗೀರಿನ ಬಟ್ಟಿ ಇಮಾಮಬೀನೇ ಪ್ಯಾಟ್ಯಾಗ ಜಗಳಾಡಿ ತಂದು, ತನ್ನ ಕೈಯಿಂದ ಹೊಲಿದದ್ದು. ಆಕಿ ಮೆಲ್ಲಕ ನೆಲಕ್ಕ ಕುಂತಳು. ಕಣ್ಣು ರೇಣಮ್ಮನ ಕಡೆ ಹೋದವು.

"ನಿನಗ ಗೊತ್ತಿತ್ತೇನ?"

ರೇಣಮ್ಮ ಸೆರಗು ಮುಖಕ್ಕ ಎಳಕೊಂಡಳು. ಓಣಿಗೆಲ್ಲಾ ಗೊತ್ತಿತ್ತು. ಬಂಡಿ ಹೊಡಿಯೋ ಭಾಗಣ್ಣಗ ಸೈತ ಗೊತ್ತಿತ್ತು. ಗೊತ್ತಿಲ್ಲದಾಕಿ ಒಬ್ಬಾಕಿನೇ.

"ಕೂಸಿನ ಆಸ್ಯಾಗ ಎರಡು ತುತ್ತು ಉಣತಿದ್ದಿ ಅತ್ತಿ," ಶರೀಫಾ ಅಳಕೋತ ಅಂದಳು. "ಅದನ್ನ ನನ್ನ ಕೈಯಾರ ಹೆಂಗ ಕಸಗೊಳ್ಳಲಿ? ಬೆಕ್ಕಿನ ಮ್ಯಾಲ ಹಾಕಿ ಹೋಗಿಬಿಟ್ರ, ಹಿಂದಾಗಡೆ ಯಾರಾರ ನಿನಗ ಹೇಳತಾರ ಅಂತ ಮಾಡಿದ್ದೆ. ನೀ ಅವನ್ನ ಹೊಳಿ ದಾಟಿಸಿ ಬರ್ತಿ ಅಂತ ನನಗೇನು ಗೊತ್ತು?"

ಚಾಂದಪಾಶಾ ಗಂಟು ಬಂಡ್ಯಾಗ ಇಟ್ಟ. ಶರೀಫಾ ಅತ್ತಿ ಮುಂದ ಕುಂತು ಕೂಸಿನ ಚಾಚಿದಳು.

"ಒಮ್ಮಿ ಎತ್ತಿಕೋ ಅತ್ತಿ."

ಇಮಾಮಬೀ ಕೈ ಮುಂದ ಬಂದವು. ಆಮ್ಯಾಲ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡಳು.

"ಬ್ಯಾಡವ್ವ, ಕೊಡಬ್ಯಾಡ. ಎತ್ತಿಕೊಂಡ್ರ ನಾ ಬಿಡಾಂಗಿಲ್ಲ."

ಶರೀಫಾ ಕೂಸಿನ ಎದಿಗೆ ಅವಚಿಕೊಂಡು ಎದ್ದು ಹೋಗಿ ಬಂಡಿ ಹತ್ತಿದಳು.